ಚಿನ್ನಸಾಮಿಯ ಎಡಗಡೆ ಸೀಟು

ನಮ್ಮಣ್ಣ ಚಿನ್ನಸಾಮಿಯ ಪಿಕಪ್ ಗಾಡಿಯನ್ನು ಹಿಂದಿನಿಂದ ಬಂದು ದಾಟಿ ಹೋಗದವರು ನಮ್ಮ ಊರಲ್ಲಿ ಯಾರೂ ಇಲ್ಲ. ನಾನೇ ನನ್ನ ಹಳೆಯ ಸ್ಕೂಟಿಯಲ್ಲಿ, ಹಿಂದೆ ಅಕ್ಕಿ ಮೂಟೆ, ಕಾಲ ಬಳಿ ಹೊಲಿದ ರವಿಕೆಗಳ ಗಂಟು ಇಟ್ಟುಕೊಂಡು ಎಷ್ಟೋ ಸಲ ದಾಟಿದ್ದೇನೆ. ದಾಟುವಾಗ ಬೇಕೆಂದೇ ಹಾರ್ನ್ ಹೊಡೆದು ಹಲ್ಲು ಕಿರಿಯುತ್ತಿದ್ದೆ. ಅವನು ನನ್ನ ಕಡೆ ತಿರುಗದೆ, ಗಂಭೀರವಾಗಿ ಒಮ್ಮೆ ತಲೆಯಾಡಿಸುತ್ತಿದ್ದ. ಅವನ ಗಾಡಿಯ ಮುಳ್ಳು ನಲವತ್ತಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಅದರಾಚೆಗೂ ಅಂಕಿಗಳಿವೆ ಎಂಬುದು ಆ ಮುಳ್ಳಿಗೆ ಗೊತ್ತೇ ಇರಲಿಲ್ಲವೇನೋ.

ನನಗೆ ನಿಧಾನ ಎಂದರೆ ಮೈಯೆಲ್ಲ ಉರಿಯುತ್ತದೆ. ಹೊಲಿಗೆ ಮಿಷನ್ ಮುಂದೆ ಕೂತರೆ ಗಿರಾಕಿ ಟೀ ಕುಡಿದು ಬರುವಷ್ಟರಲ್ಲಿ ರವಿಕೆ ಕೈಗೆ ಕೊಡುವವಳು ನಾನು. ಕಲೈಸೆಲ್ವಿಯ, ಅಂದರೆ ನನ್ನ, ಅವಸರವನ್ನೂ ನಮ್ಮಣ್ಣನ ತಾಳ್ಮೆಯನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ್ದರೆ ಇಬ್ಬರು ಸರಿಯಾದ ಮನುಷ್ಯರು ಆಗುತ್ತಿದ್ದರು ಎಂದು ನಮ್ಮ ಅತ್ತಿಗೆ ಪಾಪಮ್ಮಾಳ್ ಹೇಳುತ್ತಲೇ ಇರುತ್ತಾಳೆ.

ಅವನ ನಿಧಾನಕ್ಕೆ ಕಾರಣ ಇಲ್ಲದಿರಲಿಲ್ಲ. ಚಿನ್ನಮನೂರಿನಿಂದ ಕಂಬಂ ಊರಿನವರೆಗಿನ ತೋಟಗಳ ದ್ರಾಕ್ಷಿಯನ್ನು ದಿಂಡಿಗಲ್ ಮಾರುಕಟ್ಟೆಗೆ ಒಯ್ಯುವುದು ಅವನ ಕೆಲಸ. ಕೊಯ್ದ ದ್ರಾಕ್ಷಿಯ ಮೈಮೇಲೆ ತೆಳ್ಳನೆಯ ಬೂದಿಯಂಥ ಪುಡಿ ಕೂತಿರುತ್ತದೆ. ಅದು ಅಳಿಸಿದರೆ ವ್ಯಾಪಾರಿ ಮೂಗು ಮುರಿಯುತ್ತಾನೆ. ಗಾಡಿ ಕುಲುಕಿದರೆ ಹಣ್ಣು ತೊಟ್ಟು ಬಿಟ್ಟು ಪೆಟ್ಟಿಗೆಯ ತಳ ಸೇರುತ್ತದೆ. ಅಣ್ಣ ಇಳಿಸಿದ ಪೆಟ್ಟಿಗೆಯ ತಳದಲ್ಲಿ ಒಂದು ಹಣ್ಣೂ ಬಿದ್ದಿರುತ್ತಿರಲಿಲ್ಲ ಎಂದು ತೋಟದವರು ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ಅವನು ಮೀಸೆಯೊಳಗೇ ನಗುತ್ತಿದ್ದ. ಮರುದಿನ ಇನ್ನಷ್ಟು ನಿಧಾನ.

ಆದರೆ ನಿಜವಾದ ಕಾರಣ ಅವನ ಮಗಳು ಸುಗನ್ಯಾ. ಇದನ್ನು ಅವನು ಯಾರ ಹತ್ತಿರವೂ ಹೇಳಿಲ್ಲ. ನಾನೇ ಹೇಳುತ್ತಿದ್ದೇನೆ.

ಶಾಲೆಗೆ ರಜೆ ಬಂತೆಂದರೆ ಪಿಕಪ್ಪಿನ ಎಡಗಡೆ ಸೀಟು ಅವಳದು. ಬೆಳಗ್ಗೆ ಅಪ್ಪನ ಜೊತೆ ಹತ್ತಿದರೆ ಸಂಜೆ ಅಪ್ಪನ ಜೊತೆಗೇ ಇಳಿಯುವುದು. ನಾವು ಕನ್ನಡದವರು. ಯಾವ ಕಾಲದಲ್ಲೋ ದನ ಹೊಡೆದುಕೊಂಡು ಈ ಕಡೆ ಬಂದ ಹಿರಿಯರು ಇಲ್ಲೇ ಉತ್ತು ಬಿತ್ತು ಉಳಿದುಕೊಂಡರು. ಹೊಸಿಲೊಳಗೆ ನಮ್ಮ ಮಾತು, ಹೊಸಿಲು ದಾಟಿದರೆ ತಮಿಳು. ಈಗಿನ ಮಕ್ಕಳು ಹೊಸಿಲೊಳಗೂ ತಮಿಳಿನಲ್ಲೇ ಉತ್ತರ ಕೊಡುತ್ತವೆ. ಸುಗನ್ಯಾಳೂ ಹಾಗೇ, ಅಪ್ಪನ ಜೊತೆಗೆ ಮಾತ್ರ ಹಾಗಲ್ಲ. ಗಾಡಿಯ ಬಾಗಿಲು ಹಾಕಿಕೊಂಡ ಕೂಡಲೇ ಅವಳ ಬಾಯಲ್ಲಿ ಹಕಾರ ನುಂಗುವ ನಮ್ಮಜ್ಜಿಯ ಮಾತು ಹರಿಯುತ್ತಿತ್ತು. ಅದು ಅಪ್ಪ ಮಗಳ ಒಪ್ಪಂದ. ದಾರಿಯಲ್ಲಿ ಹೋಗುವ ಗಾಡಿಗಳಿಗೆಲ್ಲ ಅವಳು ನೆಂಟಸ್ತಿಕೆ ಹಚ್ಚುತ್ತಿದ್ದಳು. ತೆಂಗಿನಕಾಯಿ ಲಾರಿ ದೊಡ್ಡಪ್ಪ, ಹಾಲಿನ ವ್ಯಾನು ಚಿಕ್ಕಮ್ಮ. ಇವರನ್ನು ಸರ್ರನೆ ದಾಟಿ ಹೋದ ಯಾವ ಗಾಡಿಯನ್ನು ಕಂಡರೂ ಕೈ ತೋರಿಸಿ, "ಅಪ್ಪಾ, ಅವ ಎಂಡ್ತಿಗೆ ಎದರೋನು, ಓಡ್ತಾನೆ ನೋಡು!" ಎನ್ನುತ್ತಿದ್ದಳು. ಅಣ್ಣ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದ. ನಲವತ್ತರಲ್ಲಿ ಹೋದರೆ ದಿಂಡಿಗಲ್ ದೂರ. ಆ ದೂರವೇ ಅವನಿಗೆ ಬೇಕಾಗಿತ್ತು.

ಅವಳನ್ನು ವೇದಸಂದೂರಿಗೆ ಕೊಟ್ಟೆವು. ನಮ್ಮ ಜನವೇ. ಅಳಿಯ ಸತೀಶ್‌ಕುಮಾರ್ ಅಲ್ಲಿನ ನೂಲಿನ ಮಿಲ್ಲಿನಲ್ಲಿ ಸೂಪರ್‌ವೈಸರ್. ಒಳ್ಳೆಯ ಹುಡುಗ, ಸ್ವಲ್ಪ ವಾದದ ಚಟ. ಮದುವೆಯಾದ ಮೇಲೆ ಅಣ್ಣ ಎಡಗಡೆ ಸೀಟಿನ ಮೇಲೆ ಯಾರನ್ನೂ ಕೂರಿಸಲಿಲ್ಲ. ಸುಗ್ಗಿಯಲ್ಲಿ ಉಳಿದ ಡ್ರೈವರುಗಳು ಸೀಟಿನ ಮೇಲೂ ಪೆಟ್ಟಿಗೆ ಪೇರಿಸುತ್ತಿದ್ದರೆ ಇವನ ಸೀಟು ಖಾಲಿ ಹೋಗುತ್ತಿತ್ತು. ಒಂದು ಸಲ ನಾನು ತೇನಿಗೆ ಬಟ್ಟೆ ತರಲು ಹೊರಟಾಗ, "ನೀ ಇಂದೆ ಕೂರು" ಎಂದ. ಸ್ವಂತ ತಂಗಿಯಾದ ನಾನು ಆ ದಿನ ಹೇರಿದ್ದ ಬಾಳೆಗೊನೆಗಳ ನಡುವೆ ಕೂತು ತೇನಿಗೆ ಹೋದೆ. ಇಳಿಯುವಾಗ ಸೀರೆಯ ತುಂಬ ಬಾಳೆಯ ಕರೆ. ಆ ದಿನ ಅವನಿಗೆ ನಾನು ಬೈದದ್ದನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ದಿಂಡಿಗಲ್ಲಿನಿಂದ ವೇದಸಂದೂರಿಗೆ ಹೋಗುವುದು ನಾಲ್ಕು ಸಾಲಿನ ದೊಡ್ಡ ರಸ್ತೆ. ಮದುವೆಯಾದ ವರ್ಷವೇ ಅಲ್ಲಿ ಎಂಬತ್ತರ ವೇಗಮಿತಿಯ ಬೋರ್ಡು ಕಿತ್ತು ನೂರರ ಬೋರ್ಡು ನೆಟ್ಟರು. ಸತೀಶ್ ನಮ್ಮೂರಿಗೆ ಬಂದಾಗ ತಂಗರಾಜನ ಟೀ ಅಂಗಡಿಯಲ್ಲಿ ಇದೇ ಚರ್ಚೆ. ರಸ್ತೆ ನೇರ ಇದೆ, ಎದುರಿಗೆ ಯಾರೂ ಬರುವುದಿಲ್ಲ, ಎಲ್ಲರೂ ಒಂದೇ ವೇಗದಲ್ಲಿ ಹೋದರೆ ಯಾರು ಯಾರಿಗೆ ಗುದ್ದುತ್ತಾರೆ, ನಡುವೆ ಒಬ್ಬ ಆಮೆಯ ಹಾಗೆ ಹೋದರೆ ಅವನಿಂದಲೇ ಅಪಾಯ ಎಂಬುದು ಅಳಿಯನ ವಾದ. ರಸ್ತೆ ನೇರ ಇದ್ದರೇನು, ದನ ನೇರ ಬರುತ್ತದೆಯೇ, ಮಗು ನೇರ ಬರುತ್ತದೆಯೇ, ನೂರರಲ್ಲಿರುವ ಗಾಡಿ ಬ್ರೇಕಿನ ಮಾತು ಕೇಳುತ್ತದೆಯೇ ಎಂಬುದು ತಂಗರಾಜನ ವಾದ. ನಾನು ಅಳಿಯನ ಪಕ್ಷ. ಅಳಿಯನನ್ನು ಮಾಪಿಳ್ಳೆ ಎಂದೇ ಕರೆಯುವ ಅಣ್ಣನನ್ನು ಕೇಳಿದರೆ, "ಬೋರ್ಡು ಮಾಪಿಳ್ಳೆಗೆ. ನನ್ನ ದ್ರಾಕ್ಷಿಗೆ ಬೋರ್ಡು ಓದೋಕೆ ಬರಲ್ಲ" ಎಂದು ಲೋಟ ಕೆಳಗಿಟ್ಟು ಎದ್ದ. ಎಲ್ಲರೂ ನಕ್ಕೆವು.

ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಂಬದಲ್ಲಿ ನಮ್ಮವರ ದೇವರೆತ್ತುಗಳ ದೊಡ್ಡಿ ಇದೆ. ಪೊಂಗಲ್ ದಿನ ಮನೆಯಲ್ಲಿ ಕರು ಹುಟ್ಟಿದರೆ ಅದನ್ನು ಅಲ್ಲಿಗೆ ಒಪ್ಪಿಸುತ್ತೇವೆ. ಅದರ ಮೂಗು ಚುಚ್ಚುವುದಿಲ್ಲ, ಕೊರಳಿಗೆ ನೊಗ ಇಡುವುದಿಲ್ಲ. ದಾರಿಯಲ್ಲಿ ದೇವರೆತ್ತು ಎದುರಾದರೆ ಗಾಡಿ ನಿಲ್ಲಿಸಿ, ಇಳಿದು, ಚಪ್ಪಲಿ ಬಿಟ್ಟು, ಕೈ ಮುಗಿದು, ಅದು ತಾನಾಗಿ ಸರಿಯುವವರೆಗೆ ಕಾಯುತ್ತೇವೆ. ಹಾರ್ನ್ ಇರಲಿ, ಛೂ ಎಂದೂ ಅನ್ನುವುದಿಲ್ಲ. ನಮ್ಮ ಕಂಬದ ಕಣಿವೆಯ ರಸ್ತೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಹಿಂದೆ ಬರುವ ಬಸ್ಸಿನವನೂ ಸುಮ್ಮನೆ ಕಾಯುತ್ತಾನೆ. ಅವಸರದವಳಾದ ನಾನೂ ಇಳಿದು ಕಾಯ್ದಿದ್ದೇನೆ.

ಸುಗನ್ಯಾ ಬಸುರಾಗಿ ಏಳು ತಿಂಗಳಾದಾಗ ವೇದಸಂದೂರಿನಲ್ಲಿ ಬಳೆ ತೊಡಿಸುವ ಶಾಸ್ತ್ರ ಮಾಡಿದರು. ಮುಗಿದ ಮೇಲೆ ಅವಳನ್ನು ತವರಿಗೆ ಕರೆತರಬೇಕು. ಅಳಿಯ ನಮ್ಮೆಲ್ಲರಿಗೂ ಬಾಡಿಗೆ ವ್ಯಾನು ಹೇಳಿದ್ದ. ಸುಗನ್ಯಾ ಹತ್ತಲಿಲ್ಲ. ಕೈ ತುಂಬ ಗಾಜಿನ ಬಳೆ ಗಲಗಲ ಅನ್ನಿಸಿಕೊಂಡು ನೇರ ಹೋಗಿ ಪಿಕಪ್ಪಿನ ಎಡಗಡೆ ಬಾಗಿಲು ತೆಗೆದಳು. ಅಣ್ಣನ ಮುಖ ಆಗ ನೋಡಬೇಕಿತ್ತು. ವ್ಯಾನಿನಲ್ಲಿದ್ದ ನಾವು ನೂರರಲ್ಲಿ ಹೋಗಿ, ಸುಖವಾಗಿ ದಿಂಡಿಗಲ್ ತಲುಪಿ, ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ, ಅವನ ನಿಧಾನವನ್ನು ಆಡಿಕೊಂಡು ನಗುತ್ತಿದ್ದೆವು.

ಅಷ್ಟರಲ್ಲಿ ಹಿಂದೆ ಆ ರಸ್ತೆಯಲ್ಲಿ ನಡೆದದ್ದನ್ನು ಅಪ್ಪನೂ ಮಗಳೂ ಒಂದೇ ತೆರನಾಗಿ ಹೇಳುತ್ತಾರೆ. ಎಡಗಡೆ ಸಾಲಿನಲ್ಲಿ ಟೂವೀಲರುಗಳು ಎದುರು ನುಗ್ಗುತ್ತವೆ ಎಂದು ಅವನಿಗೆ ಬಲಗಡೆಯ ಸಾಲೇ ರೂಢಿ. ಅದು ವೇಗದವರ ಸಾಲು. ಅಲ್ಲಿ ಅವನದು ನಲವತ್ತು. ನಡುವಿನ ದಿಬ್ಬದ ಮೇಲೆ, ಕಣಗಿಲೆ ಗಿಡಗಳ ಹತ್ತಿರ, ಒಂದು ಬಿಳಿ ಎತ್ತು ನಿಂತಿತ್ತು. ಮೂಗುದಾರ ಇರಲಿಲ್ಲ. ಅಣ್ಣ ಬ್ರೇಕ್ ಹಾಕಿದ.

"ಅಪ್ಪಾ, ಇದು ನಮ್ಮೂರ ರೋಡಲ್ಲ. ನಿಲ್ಬೇಡ, ಓಗು" ಎಂದಳು ಸುಗನ್ಯಾ.

"ಅದು ಸಾಮಿ, ಕಣ್ಣು, ಒಂದ್ ನಿಮಿಷ" ಎಂದು ಮಗಳಿಗೆ ಮುದ್ದಾಗಿ ಹೇಳಿ ಅವನು ಇಳಿದ. ಚಪ್ಪಲಿ ಬಿಟ್ಟು ದಿಬ್ಬದ ಮೇಲೆ ಹತ್ತಿ ಕೈ ಮುಗಿದ. ಹಿಂದಿನಿಂದ ಬಂದ ಕಾರಿನವನು ಬ್ರೇಕ್ ಒತ್ತಿದ್ದು ನಿಜ, ರಸ್ತೆಯ ಮೇಲೆ ಟೈರಿನ ಕಪ್ಪು ಗೆರೆ ಉದ್ದಕ್ಕೆ ಬಿದ್ದಿತ್ತು. ಗೆರೆ ಮುಗಿದಲ್ಲಿ ಪಿಕಪ್ ಇತ್ತು.

ಕೈ ಮುಗಿದು ನಿಂತಿದ್ದ ಅಣ್ಣನಿಗೆ ಒಂದು ಗೀರೂ ಆಗಲಿಲ್ಲ. ಸುಗನ್ಯಾಳ ಎಡ ಹೆಗಲಿನ ಮೂಳೆ ಮುರಿಯಿತು. ಆ ಸಂಜೆಯೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಕೈಬೆರಳಿಗೆ ಉಂಗುರವೂ ನಿಲ್ಲದಷ್ಟು ಸಣ್ಣ ಹೆಣ್ಣು ಮಗು ತಿಂಗಳುಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಉಳಿಯಿತು. ಎಳಿಲ್ ಎಂದು ಹೆಸರಿಟ್ಟರು. ಇನ್ನೊಂದು ಮಾತು. ಅದು ದೇವರೆತ್ತೂ ಆಗಿರಲಿಲ್ಲ. ಜನ ಸೇರಿ ಅದನ್ನು ರಸ್ತೆಯಿಂದ ಅಟ್ಟುವಾಗ ಹತ್ತಿರದಿಂದ ಕಂಡಿತು, ಮೂಗಿನಲ್ಲಿ ದಾರ ಹಾಕಿದ ತೂತಿತ್ತು. ಯಾರೋ ಉತ್ತು ಸವೆಸಿ, ದಾರ ಬಿಚ್ಚಿ ಬಿಟ್ಟುಬಿಟ್ಟ ಮುದಿ ಎತ್ತು.

ಆಸ್ಪತ್ರೆಯ ಮಂಚದ ಪಕ್ಕ ನಾನಿದ್ದೆ. ಅಣ್ಣ ಬಾಗಿಲಲ್ಲಿ ನಿಂತಿದ್ದ, ಇನ್ನೂ ಬರಿಗಾಲಲ್ಲಿ. ಸುಗನ್ಯಾ ಅವನನ್ನು ನೋಡಿ, ಅಳದೆ, ಗಟ್ಟಿಯಾಗಿಯೂ ಅಲ್ಲದೆ, ಒಂದು ಮಾತು ಹೇಳಿದಳು. ಇನ್ನು ನಿನ್ನ ಗಾಡಿ ಹತ್ತುವುದಿಲ್ಲಪ್ಪಾ, ನನ್ನ ಮಗಳನ್ನೂ ಹತ್ತಿಸುವುದಿಲ್ಲ ಎಂದು. ಹೇಳಿದ್ದು ತಮಿಳಿನಲ್ಲಿ. ಅಪ್ಪನ ಜೊತೆ ಅವಳು ತಮಿಳು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಟೀ ಅಂಗಡಿಯಲ್ಲಿ ವಾದ ನಿಲ್ಲಲಿಲ್ಲ. ಎಂಬತ್ತರ ಬೋರ್ಡೇ ಇದ್ದಿದ್ದರೆ ಆ ಕಾರು ನಿಲ್ಲುತ್ತಿತ್ತು ಎಂದು ತಂಗರಾಜ್. ಬೋರ್ಡು ಎಷ್ಟೇ ಇರಲಿ, ವೇಗದ ಸಾಲಿನಲ್ಲಿ ಗಾಡಿ ಬಿಟ್ಟು ಇಳಿದವನದು ತಪ್ಪು ಎಂದು ಉಳಿದವರು. ಕಾರಿನವನೂ ಹೆಚ್ಚೇನೂ ಹೇಳಿರಲಿಲ್ಲ. ಬೋರ್ಡಿನ ಪ್ರಕಾರವೇ ಬಂದೆ ಎಂದು, ಒಡೆದ ತುಟಿಯಲ್ಲಿ, ಅದೊಂದನ್ನೇ ಹೇಳಿದ್ದ. ನನಗೆ ಎಲ್ಲರ ಮಾತೂ ಸರಿ ಅನ್ನಿಸುತ್ತಿತ್ತು, ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು. ಅಣ್ಣ ಅಂಗಡಿಯ ಕಡೆ ಬರುವುದನ್ನೇ ಬಿಟ್ಟ.

ಅವನು ಗಾಡಿ ರಿಪೇರಿ ಮಾಡಿಸಿದ. ದ್ರಾಕ್ಷಿ ತುಂಬಿಕೊಂಡು ದಿಂಡಿಗಲ್ಲಿಗೆ ಹೋಗುವುದೂ ಮುಂದುವರಿಯಿತು. ಎಡಗಡೆ ಸೀಟಿಗೆ ಹೊಸ ಬಟ್ಟೆ ಹೊಲಿದುಕೊಡು ಎಂದು ನನ್ನ ಹತ್ತಿರ ಬಂದ. ಯಾವ ಬಣ್ಣ ಎಂದು ಕೇಳಿದೆ. "ಅವಳಿಗೆ ಯಾವ್ದು ಇಷ್ಟವೋ ಅದು" ಎಂದ. ಹತ್ತದವಳಿಗೆ ಯಾವ ಬಣ್ಣ ಆದರೇನು ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ. ಹಸಿರು ಬಟ್ಟೆಗೆ ಹಳದಿ ಅಂಚು ಇಟ್ಟು ಹೊಲಿದುಕೊಟ್ಟೆ.

ಮಾರುಕಟ್ಟೆಯಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಗಾಡಿಯನ್ನು ಬೇವಿನ ಮರದಡಿ ನಿಲ್ಲಿಸಿ, ಅವನು ಬಸ್ಸು ಹತ್ತಿ ವೇದಸಂದೂರಿಗೆ ಹೋಗುತ್ತಿದ್ದ. ತೊಡೆಯ ಮೇಲೆ ದ್ರಾಕ್ಷಿಯ ಚೀಲ. ಆ ರಸ್ತೆಯ ಬಸ್ಸುಗಳ ವೇಗ ನಿಮಗೆ ಗೊತ್ತಿರಬಹುದು. ಮುಂದಿನ ಸೀಟಿನ ಕಂಬಿ ಹಿಡಿದು, ಹಲ್ಲು ಕಚ್ಚಿ ಕೂರುತ್ತಿದ್ದನಂತೆ. ಸುಗನ್ಯಾ ಬಾಗಿಲು ತೆಗೆಯುತ್ತಿದ್ದಳು, ಕಾಫಿ ಕೊಡುತ್ತಿದ್ದಳು, ಮಗುವನ್ನು ತಾತನ ತೊಡೆಗೆ ಕೊಡುತ್ತಿದ್ದಳು. ಯಾವುದಕ್ಕೂ ಕೊರತೆ ಇಲ್ಲ. ಮಾತು ಮಾತ್ರ ತಮಿಳು. ಅವನು ನಮ್ಮ ಮಾತಲ್ಲಿ ಕೇಳಿದರೂ ಉತ್ತರ ತಮಿಳಿನಲ್ಲಿ. ಹೊರಡುವಾಗ ಬಾಗಿಲವರೆಗೆ ಬರುತ್ತಿದ್ದಳು, ಬೀದಿಗೆ ಇಳಿಯುತ್ತಿರಲಿಲ್ಲ.

"ಕಾಫಿ ಚೆನ್ನಾಗಿ ಇಡ್ತಾಳೆ" ಎಂದು ಬಂದು ಹೇಳುತ್ತಿದ್ದ. ಅತ್ತಿಗೆ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನಗೆ ತಡೆಯಲಾಗದೆ ಒಂದು ದಿನ ಸುಗನ್ಯಾಳಿಗೆ ಫೋನ್ ಮಾಡಿ ಬೈದೆ. ಬಸ್ಸಿನಲ್ಲಿ ಹೆದರಿ ಹೆದರಿ ಬರುತ್ತಾನೆ, ಅವನ ಮೇಲೆ ಕರುಣೆ ಇಲ್ಲವಾ ಎಂದೆ. ಅವಳೂ ಬಿಡಲಿಲ್ಲ. ನಾನು ಬೇಡ ಎಂದು ಹೇಳಿದ ಮೇಲೂ ಇಳಿದುಬಿಟ್ಟ ಅತ್ತೆ, ಹಿಂದೆ ಏನು ಬರುತ್ತಿದೆ ಎಂದು ಒಮ್ಮೆ ನೋಡಬಾರದಿತ್ತಾ, ಅವನಿಗೆ ನಾನಿದ್ದದ್ದು ಮರೆತೇಹೋಯಿತಾ ಎಂದಳು.

ಎಳಿಲ್ ನಡೆಯಲು ಕಲಿಯುವ ಹೊತ್ತಿಗೆ ಅಣ್ಣ ಒಂದು ಕೆಲಸ ಮಾಡಿದ. ನಾನಾಗಿದ್ದರೆ ಸತ್ತರೂ ಮಾಡುತ್ತಿರಲಿಲ್ಲ. ಅಳಿಯನ ಮನೆಯ ಜಗುಲಿಯ ಮೇಲೆ ಕೂತು, ಮೀಸೆ ನರೆತ ಮನುಷ್ಯ, ಕೇಳಿದ. "ಮಾಪಿಳ್ಳೆ, ನೂರರ ರೋಡಲ್ಲಿ ಎಂಗೆ ಓಗ್ಬೇಕು? ನೀವು ಏಳಿಕೊಡಿ, ನಾ ಕಲೀತೀನಿ."

ಸತೀಶ್ ಎದ್ದು ಒಳಗೆ ಹೋದನಂತೆ. ಶರ್ಟು ಹಾಕಿಕೊಂಡು ಬಂದು ಕಾರು ತೆಗೆದ. ಭಾನುವಾರಗಳಲ್ಲಿ ಇಬ್ಬರೂ ಆ ರಸ್ತೆಗೆ ಹೋಗುತ್ತಿದ್ದರು. ಎಡಗಡೆ ಸಾಲು ಬಿಡಬಾರದು. ಮುಂದೆ ನೋಡಿದಷ್ಟೇ ಹಿಂದೆಯೂ ಕನ್ನಡಿಯಲ್ಲಿ ನೋಡಬೇಕು. ಎಲ್ಲರೂ ಹೋಗುತ್ತಿರುವ ವೇಗಕ್ಕೆ ತೀರ ಕಡಿಮೆ ಮಾಡಬಾರದು. ನಿಲ್ಲಲೇಬೇಕಾದರೆ ಗೆರೆಯಾಚೆ ಮಣ್ಣಿಗೆ ಇಳಿಸಿ ನಿಲ್ಲಿಸಬೇಕು. ಅಣ್ಣ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಕಲಿತ. ಊರಿಗೆ ಬಂದು ನನಗೆ ಗುಟ್ಟಾಗಿ ಹೇಳಿದ ಮಾತು ಬೇರೆ. "ಕಲೈ, ಮಾಪಿಳ್ಳೆ ಎಪ್ಪತ್ತು ದಾಟಲ್ಲ. ಕಾಲು ನಡುಗುತ್ತೆ ಅವರಿಗೆ. ನಾ ನೋಡದವನಂಗೆ ಕೂತಿದ್ದೆ." ವೇಗದ ಪರವಾಗಿ ಅಷ್ಟು ವಾದ ಮಾಡಿದ ಹುಡುಗ ಅಪಘಾತವಾದ ದಿನದಿಂದ ನಿಧಾನವಾಗಿದ್ದ. ನಿಧಾನದವನು ವೇಗ ಕಲಿಯುತ್ತಿದ್ದ. ಇದನ್ನು ನೋಡಿ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಆಮೇಲೆ ನಮ್ಮ ಬೈಪಾಸಿನಲ್ಲಿ ಖಾಲಿ ಪಿಕಪ್ ಓಡುವುದು ಕಾಣತೊಡಗಿತು. ದ್ರಾಕ್ಷಿ ಇದ್ದಾಗ ಅದೇ ಹಳೆಯ ನಲವತ್ತು. ಇಳಿಸಿ ಬರುವಾಗ ಐವತ್ತು, ಅರವತ್ತು, ಆಮೇಲೆ ಎಂಬತ್ತು. ಒಂದು ಸಂಜೆ ನಾನು ಸ್ಕೂಟಿಯಲ್ಲಿ ಹೋಗುವಾಗ ಹಿಂದಿನಿಂದ ಬಂದು ನನ್ನನ್ನೇ ದಾಟಿ ಹೋದ. ಹಾರ್ನ್ ಹೊಡೆಯಲಿಲ್ಲ, ನಗಲೂ ಇಲ್ಲ. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕತ್ತು ಮುಂದೆ ಚಾಚಿ, ಮುಖದ ತುಂಬ ಬೆವರು. ಪಕ್ಕದಲ್ಲಿ ನಾನು ಹೊಲಿದ ಹಸಿರು ಬಟ್ಟೆಯ ಸೀಟು ಖಾಲಿ. ಎಷ್ಟು ವರ್ಷ ಅವನನ್ನು ಬೇಗ ಹೋಗು ಎಂದು ಪೀಡಿಸಿದ್ದೆ. ಹೋಗುವುದನ್ನು ಕಂಡು ಸ್ಕೂಟಿ ನಿಲ್ಲಿಸಿ ರಸ್ತೆಯ ಪಕ್ಕ ಅತ್ತೆ.

ಭಾನುವಾರಗಳಲ್ಲಿ ಅಪ್ಪನೂ ಗಂಡನೂ ಕಾರಿನಲ್ಲಿ ಹೋಗುವುದನ್ನು ಸುಗನ್ಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಳಿಲ್‌ಗೆ ಮುಡಿ ತೆಗೆಯುವ ಶಾಸ್ತ್ರ ಕಂಬದಲ್ಲಿ ಎಂದು ದಿನ ಗೊತ್ತಾದಾಗ ಸತೀಶ್ ಕಾರಿನಲ್ಲಿ ಹೋಗೋಣ ಎಂದ. ನೀವು ಅತ್ತೆ ಮಾವನನ್ನು ಕರೆದುಕೊಂಡು ಬನ್ನಿ, ನಾನೂ ಮಗುವೂ ಅಪ್ಪನ ಗಾಡಿಯಲ್ಲಿ ಬರುತ್ತೇವೆ ಎಂದಳು ಸುಗನ್ಯಾ. ಫೋನಿನಲ್ಲಿ ಇದನ್ನು ಕೇಳಿದ ಅತ್ತಿಗೆ ನನ್ನ ಮಿಷನ್ ಹತ್ತಿರ ಓಡಿ ಬಂದಳು. ಅಣ್ಣ ಹೋಗಿ ಗಾಡಿ ತೊಳೆಯಲು ಶುರುಮಾಡಿದ. ತೊಳೆದದ್ದನ್ನೇ ಮತ್ತೆ ತೊಳೆದ.

ಕರೆತರಲು ಹೆಂಗಸರು ಒಬ್ಬರಾದರೂ ಹೋಗಬೇಕು. ಅತ್ತಿಗೆಗೆ ಅಡುಗೆಯ ಹೊರೆ. ನಾನು ಹೊರಟೆ. ಬರುವಾಗ ಅಣ್ಣನಿಗೂ ಸುಗನ್ಯಾಳಿಗೂ ನಡುವೆ, ಗೇರಿನ ಪಕ್ಕ, ಮೊಣಕಾಲು ಮಡಚಿಕೊಂಡು ಕೂತೆ. ಎಡಗಡೆ ಕಿಟಕಿಯ ಜಾಗ ಅವಳದು, ಅದರಲ್ಲಿ ಮಾತಿಲ್ಲ. ಅವಳ ತೊಡೆಯ ಮೇಲೆ ಎಳಿಲ್. ಬಲಗೈ ಮಗುವಿನ ಸುತ್ತ, ಎಡಗೈ ಬಾಗಿಲ ಹಿಡಿ ಮೇಲೆ. ಆ ಎಡಗೈ ಈಗಲೂ ಎದೆಯಿಂದ ಮೇಲೆ ಏಳುವುದಿಲ್ಲ. ಅವಳ ಜಡೆಯನ್ನು ಸತೀಶನೇ ಹೆಣೆಯುತ್ತಾನೆ.

ದೊಡ್ಡ ರಸ್ತೆ ಸೇರಿದೆವು. ಅಣ್ಣ ಎಡಗಡೆ ಸಾಲು ಹಿಡಿದ, ಕನ್ನಡಿ ನೋಡಿದ, ಮುಳ್ಳು ಎಂಬತ್ತಕ್ಕೆ ಬಂತು. ಗಾಡಿ ಅಲುಗಲಿಲ್ಲ. ನಮ್ಮನ್ನು ದಾಟುವವರು ಬಲಗಡೆಯಿಂದ ದಾಟಿ ಹೋದರು. ಯಾರಿಗೂ ನಾವು ಅಡ್ಡಿಯಾಗಿರಲಿಲ್ಲ. ಒಳ್ಳೆಯ ಡ್ರೈವರ್ ಅವನು, ಯಾರು ಬೇಕಾದರೂ ಒಪ್ಪುವ ಡ್ರೈವರ್. ಸುಗನ್ಯಾ ಮುಂದಿನ ಗಾಜನ್ನೇ ನೋಡುತ್ತಿದ್ದಳು. ಬಾಗಿಲ ಹಿಡಿಯ ಮೇಲೆ ಅವಳ ಬೆರಳು ಬಿಳಿಚಿಕೊಂಡಿದ್ದವು. ನಾನು ಮಾತಾಡಿಸಿದರೆ ತಮಿಳಿನಲ್ಲಿ ಹ್ಞೂಂ ಉಹ್ಞೂಂ ಅಷ್ಟೇ.

ಆಗ ಎತ್ತು ಕಂಡಿತು. ಅದೇ ಜಾಗ ಅಲ್ಲ, ಅದೇ ಎತ್ತೂ ಅಲ್ಲ. ರಸ್ತೆಯ ಎಡಕ್ಕೆ, ಮಣ್ಣಿನಾಚೆ ಹುಲ್ಲಿನಲ್ಲಿ, ಎತ್ತರದ ಕೆಂದು ಬಣ್ಣದ ಎತ್ತು, ತಲೆ ಎತ್ತಿ ನಮ್ಮ ಕಡೆಗೇ ನೋಡುತ್ತಿತ್ತು. ಅಣ್ಣನ ಕಾಲು ಬ್ರೇಕಿನ ಕಡೆಗೆ ಹೋಗುವುದೇನೋ ಎಂದು ಕೆಳಗೆ ನೋಡಿದೆ. ಹೋಗಲಿಲ್ಲ. ಕನ್ನಡಿ ನೋಡಿದ. ಹಿಂದೆ ಸಿಮೆಂಟ್ ಲಾರಿ ಬರುತ್ತಿತ್ತು. ಕೈ ಸ್ಟೀರಿಂಗ್ ಬಿಡಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹುಟ್ಟಿದಾಗಿನಿಂದ ಯಾವ ದೇವರೆತ್ತಿಗೂ ನಿಲ್ಲದೆ ಹೋದವನಲ್ಲ ಅವನು. ಎಂಬತ್ತರಲ್ಲಿ ಅದರ ಮುಂದೆ ಹಾದುಹೋದ.

ಸುಗನ್ಯಾ ಅಪ್ಪನ ಮುಖ ನೋಡಿದಳು. ಆಮೇಲೆ ಬಾಗಿಲ ಹಿಡಿ ಬಿಟ್ಟಳು. ಮಗುವನ್ನು ನನ್ನ ಕಡೆ ಒರಗಿಸಿ, ಹಿಂದೆ ಸರಿಯುತ್ತಿದ್ದ ಎತ್ತಿನ ಕಡೆ ಕಿಟಕಿಗೆ ತಿರುಗಿ, ಎರಡೂ ಕೈ ಜೋಡಿಸಿದಳು. ಎಡಗೈ ಎದೆಯ ಹತ್ತಿರವೇ ನಿಂತಿತು. ಬಲಗೈ ಅಲ್ಲಿಗೆ ಇಳಿದು ಬಂತು.

"ನೀ ಸ್ಟೀರಿಂಗ್ ಇಡಿ ಅಪ್ಪಾ. ನಿನ್ನದೂ ಸೇರಿಸಿ ನಾ ಕೈ ಮುಗಿದೆ" ಎಂದಳು. ನಮ್ಮ ಮಾತಿನಲ್ಲಿ.

ಅಣ್ಣನ ಕಣ್ಣಿನಿಂದ ನೀರು ಮೀಸೆಗೆ ಇಳಿಯುತ್ತಿತ್ತು. ಒರೆಸಲು ಕೈ ಬಿಡಬೇಕಲ್ಲ, ಬಿಡಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ, ರಸ್ತೆ ಕಾಣಬೇಕಲ್ಲ ಎಂದು.

ಸ್ವಲ್ಪ ದೂರ ಹೋದ ಮೇಲೆ ಅವಳೇ ಕೇಳಿದಳು. "ಅಪ್ಪಾ, ಅದಕ್ಕೆ ಮೂಗುದಾರ ಇತ್ತಾ?"

"ನಾ ನೋಡಲಿಲ್ಲ ಕಣ್ಣು. ರೋಡು ನೋಡ್ತಿದ್ದೆ" ಎಂದ ಅಣ್ಣ.

ಸುಗನ್ಯಾ ಬಿಕ್ಕಿ ಬಿಕ್ಕಿ ಅತ್ತಳು. ಮಗು ಗಾಬರಿಯಾಗಿ ಅವಳ ಮೂಗು ಹಿಡಿದುಕೊಂಡಿತು. ಅಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲ ದಿಂಡಿಗಲ್ಲಿನವರೆಗೂ ಹರಿಯಿತು. ಅಲ್ಲಿ ದೊಡ್ಡ ರಸ್ತೆ ಬಿಟ್ಟು ನಮ್ಮ ಕಡೆಗೆ ತಿರುಗಿದ ಮೇಲೆ ಮುಖ ಒರೆಸಿಕೊಂಡು, "ಈಗ ಮೆದುವಾ ಓಗು ಅಪ್ಪಾ. ಬೈಪಾಸ್ ಬೇಡ, ಅಳೇ ರೋಡಲ್ಲಿ ಓಗು. ಇಷ್ಟು ಬೇಗ ಊರು ಬಂದ್ರೆ ನಾ ಎಲ್ಲಾ ಯಾವಾಗ ಏಳೋದು?" ಎಂದಳು.

ಮುಳ್ಳು ಇಳಿಯುತ್ತಾ ಬಂದು ನಲವತ್ತಕ್ಕೆ ನಿಂತಿತು. ಅವರಿಬ್ಬರ ನಡುವೆ ನಾನೊಬ್ಬಳು ಹಸುವಿನ ಹಾಗೆ ಕೂತಿದ್ದೆ. ಇಬ್ಬರೂ ನನ್ನ ತಲೆಯ ಮೇಲಿಂದ ಮಾತಾಡುತ್ತಿದ್ದರು. ಬತ್ಲಗುಂಡಿನಲ್ಲಿ, ನನಗೆ ಊರಲ್ಲಿ ರವಿಕೆಯ ಕೆಲಸ ಅರ್ಜೆಂಟ್ ಇದೆ, ನಿಮ್ಮ ಆಮೆಗಾಡಿಗೆ ಕಾಯಲಾರೆ ಎಂದು ಜಗಳ ಮಾಡಿ ಇಳಿದೆ. ಸುಗನ್ಯಾ ನನ್ನ ಕೈ ಒಮ್ಮೆ ಒತ್ತಿದಳು. ಅದು ನೆಪ ಎಂದು ಅವಳಿಗೆ ಗೊತ್ತಾಗಿತ್ತು.

ತೇನಿಯ ಬಸ್ಸು ಸಿಕ್ಕಿತು. ಎಡಗಡೆಯ ಕಿಟಕಿಗೆ ಕೂತೆ. ಪೆರಿಯಕುಳಂ ಇನ್ನೂ ದೂರ ಇರುವಾಗ ಅವರ ಪಿಕಪ್ ಮುಂದೆ ಕಂಡಿತು, ರಸ್ತೆಯ ಅಂಚಿನ ಗೆರೆಗೆ ಅಂಟಿಕೊಂಡು, ಹಿಂದೆ ಬರುವವರಿಗೆ ದಾರಿ ಬಿಟ್ಟುಕೊಂಡು ಹೋಗುತ್ತಿತ್ತು. ನಮ್ಮ ಡ್ರೈವರ್ ಬಿಡದೆ ಹಾರ್ನ್ ಒತ್ತಿ, ಇಂಥ ಮುದುಕರಿಗೆಲ್ಲ ಯಾರು ಲೈಸನ್ಸ್ ಕೊಡುತ್ತಾರೋ ಎಂದು ತಮಿಳಿನಲ್ಲಿ ಬೈದು, ಬಲಕ್ಕೆ ತಿರುಗಿಸಿ ದಾಟಿಸಿದ. ದಾಟುವಾಗ ಮೇಲಿನಿಂದ ಅವರ ಗಾಡಿಯ ಒಳಗೆಲ್ಲ ಕಂಡಿತು. ಎಳಿಲ್ ಹಸಿರು ಸೀಟಿನ ಮೇಲೆ ನಿದ್ದೆ ಹೋಗಿದ್ದಳು. ಸುಗನ್ಯಾ ನಮ್ಮ ಬಸ್ಸಿನ ಕಡೆಗೇ ಬೆರಳು ತೋರಿಸಿ ಏನೋ ಹೇಳಿದಳು. ಅಣ್ಣ ನಕ್ಕ, ತಲೆ ಸ್ಟೀರಿಂಗಿಗೆ ತಾಗುವಷ್ಟು. ಏನು ಹೇಳಿದಳೆಂದು ನನಗೆ ಕೇಳಬೇಕಾಗಿರಲಿಲ್ಲ.

ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಲೇ ಇದ್ದೆ. ನಮ್ಮ ಬಸ್ಸು ಬಹಳ ವೇಗವಾಗಿತ್ತು, ಒಂದು ತಿರುವಿನಲ್ಲಿ ಅವರು ಮರೆಯಾದರು. ಈ ಬಸ್ಸು ಸ್ವಲ್ಪ ನಿಧಾನ ಹೋಗಬಾರದೇ ಎಂದು ನನಗೆ ಅನ್ನಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು.